ಹಾವುರಾಣಿಗೆ ಒಂದು ಚಮಚ ತುಪ್ಪ

ವಿಟ್ಲದ ಆಚೆಯ ಗುಡ್ಡಗಳಲ್ಲಿ ಸುರಂಗ ತೋಡಿದ ಚನಿಯಜ್ಜನ ಮರಿಮಗ, ಐತಜ್ಜನ ಮೊಮ್ಮಗ, ಬಾವಿ ಗುರುವಪ್ಪನ ಮಗ ಸೇಸಪ್ಪ. ಈ ಮೂವರ ಹೆಸರು ಹೇಳದೆ ಅವನು ತನ್ನ ಹೆಸರು ಹೇಳಿದವನಲ್ಲ. ಬಹರೈನಿನ ವಿಮಾನ ನಿಲ್ದಾಣದಲ್ಲಿ ಮೊದಲ ಸಲ ಇಳಿದಾಗ, ಕಾಗದ ನೋಡುವ ಅಧಿಕಾರಿ ತಂದೆಯ ಹೆಸರು ಕೇಳಿದ್ದಕ್ಕೆ ಮುತ್ತಜ್ಜನಿಂದ ಶುರು ಮಾಡಿದ್ದ. ಹಿಂದೆ ನಿಂತವರೆಲ್ಲ ಬೇರೆ ಸಾಲು ಹಿಡಿದರು.

ಚನಿಯಜ್ಜ ಗುಡ್ಡದ ಕೆಂಪು ಮುರಕಲ್ಲಿಗೆ ಕಿವಿಯಿಟ್ಟು, ಒಳಗೆ ನೀರು ಎಷ್ಟು ಕೋಲು ದೂರದಲ್ಲಿದೆ ಎಂದು ಹೇಳುತ್ತಿದ್ದನಂತೆ. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ತೂತನ್ನು ಗುಡ್ಡದ ಹೊಟ್ಟೆಗೆ ಅಡ್ಡಡ್ಡ ಕೊರೆದು, ನೀರನ್ನು ಕಿವಿ ಹಿಡಿದು ಹೊರಗೆ ಎಳೆದು ತರುವ ಕೆಲಸ ಅದು. ಐತಜ್ಜ ಹಾಗೆ ತೋಡಿದ್ದು ಇಪ್ಪತ್ತೇಳು ಸುರಂಗ. ಇಪ್ಪತ್ತಾರರಲ್ಲಿ ನೀರು ಬಂತು. ಇಪ್ಪತ್ತೇಳನೆಯದರ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಗುರುವಪ್ಪನ ಕಾಲಕ್ಕೆ ಸುರಂಗ ತೋಡಿಸುವವರು ಇಲ್ಲವಾಗಿ, ಅವನು ಬಾವಿಯ ಕೆಸರು ತೆಗೆಯುವವನಾದ. ಇಳಿಯುವ ಮೊದಲು ಬಾವಿಯಲ್ಲಿ ಕಪ್ಪೆ ಎಷ್ಟಿವೆ ಎಂದು ಎಣಿಸುವುದು ಅವನ ಕ್ರಮ. ಕಪ್ಪೆ ಇಲ್ಲದ ಬಾವಿಯ ನೀರು ಅವನಿಗೆ ಸೇರದು. ಒಮ್ಮೆ ಊರ ಪಟೇಲರ ಬಾವಿಕಟ್ಟೆಯಲ್ಲಿ ಅಡಿಕೆಗೆ ಹೊಡೆಯುವ ಮೈಲುತುತ್ತಿನ ಡ್ರಮ್ಮು ತೊಳೆದಿದ್ದರು. ಮರುದಿನ ಕಪ್ಪೆಗಳೆಲ್ಲ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಪಟೇಲರು ಅದೇ ನೀರಿನ ಪಾನಕ ಕೊಟ್ಟರೆ, "ಕಪ್ಪೆ ಕುಡಿದು ಸತ್ತದ್ದನ್ನು ನಾನು ಕುಡಿದು ಎಂತ ಸಾಧಿಸ್ಬೇಕು ಧಣಿ" ಎಂದು ಲೋಟ ಕಟ್ಟೆಯ ಮೇಲಿಟ್ಟು, ಹಗ್ಗ ಸುತ್ತಿಕೊಂಡು ಮನೆಗೆ ಬಂದ. ಆ ಮನೆಯ ಕೆಲಸ ಮತ್ತೆ ಸಿಗಲಿಲ್ಲ. ನೀರಿನ ಮೇಲೆ ಹಿಡಿತವಿರುವುದು, ನಾಲಿಗೆಯ ಮೇಲೆ ಹಿಡಿತವಿಲ್ಲದಿರುವುದು, ಇವೆರಡು ಆ ವಂಶದಲ್ಲಿ ತಂದೆಯಿಂದ ಮಗನಿಗೆ ಇಳಿದು ಬಂದ ಆಸ್ತಿ.

ಸೇಸಪ್ಪ ಬಹರೈನಿಗೆ ಬಂದು ಮೂವತ್ತು ವರ್ಷ ದಾಟಿತು. ಕೆಲಸ ನೀರಿನ ಟ್ಯಾಂಕಿ ತೊಳೆಯುವುದು. ಜುಫೈರಿನ ಇಪ್ಪತ್ತು ಮಾಳಿಗೆಯ ಕಟ್ಟಡಗಳ ನೆತ್ತಿಯಿಂದ ಹಿಡಿದು ಬುಸೈತೀನಿನ ವಿಲ್ಲಾಗಳ ತನಕ ಅವನು ಹೊಕ್ಕು ಹೊರಡದ ಟ್ಯಾಂಕಿ ಕಡಿಮೆ. ಅಜ್ಜಂದಿರು ಗುಡ್ಡದೊಳಗೆ ತೆವಳಿದರು, ಅಪ್ಪ ಬಾವಿಗೆ ಇಳಿದ, ಇವನು ಆಕಾಶಕ್ಕೆ ಹತ್ತಿ ಫೈಬರ್ ಡಬ್ಬಿಯೊಳಗೆ ಕೂತ. ಈ ದ್ವೀಪದ ಒರತೆಗಳೆಲ್ಲ ಬತ್ತಿದ ಮೇಲೆ ಸಮುದ್ರದ ಉಪ್ಪು ತೆಗೆದು ಕೊಡುವ ಕುಡಿಯುವ ನೀರಿಗೆ ಇಲ್ಲಿಯವರು ಸ್ವೀಟ್ ವಾಟರ್ ಎನ್ನುತ್ತಾರೆ. "ಸಿಹಿ ಇಲ್ಲದ್ದಕ್ಕೆ ಸಿಹಿ ಹೇಳುದು ಹೊಸತೇನಲ್ಲ, ನನ್ನ ಅತ್ತೆಯನ್ನೂ ಹಾಗೇ ಹೇಳ್ತಿದ್ರು" ಎಂಬುದು ಸೇಸಪ್ಪನ ವ್ಯಾಖ್ಯಾನ. ಒಂದು ಗುಟುಕು ಬಾಯಲ್ಲಿ ತಿರುಗಿಸಿ ಇದು ಪೈಪಿನದು, ಇದು ಟ್ಯಾಂಕರಿನದು, ಈ ಟ್ಯಾಂಕಿಯಲ್ಲಿ ಪಾರಿವಾಳ ಬಿದ್ದಿದೆ ಎಂದು ಹೇಳಬಲ್ಲ. ಪಾರಿವಾಳದ ವಿಷಯದಲ್ಲಿ ಒಂದು ಸಲವೂ ತಪ್ಪಿಲ್ಲ.

ಅಂಥವನನ್ನು ಅದ್ಲಿಯಾದ 'ಜೀವಜಲ' ಎಂಬ ಸಸ್ಯಾಹಾರಿ ಹೋಟೆಲಿಗೆ ಕರೆಸಿದ್ದು ಅದರ ಮಾಲೀಕ ಬಾಲಸುಬ್ರಹ್ಮಣ್ಯ. ಬೆಂಗಳೂರಿನ ಜಯನಗರದವರು, ಬ್ಯಾಂಕಿನಲ್ಲಿ ದೊಡ್ಡ ಕುರ್ಚಿ, ಸಂಜೆಗೆ ಹೋಟೆಲು, ರಜೆಗೆ ಕನ್ನಡ ಬಳಗದ ಪರಿಸರ ವಿಭಾಗದ ಸಂಚಾಲಕ ಪಟ್ಟ. ಹೆಸರು ಜೀವಜಲವಾದರೂ ಅಲ್ಲಿ ಕುಡಿಯಲು ಕೊಡುವುದು ಯುರೋಪಿನಿಂದ ಬಂದ ಬಾಟಲಿ. ಹೋಟೆಲಿನ ನಡುವೆ ಒಂದು ಗಾಜಿನ ತೊಟ್ಟಿ ಇಡಿಸಿದ್ದರು; ಅದರ ನೀರು ನೋಡಿಕೊಳ್ಳಲೆಂದೇ ಸೇಸಪ್ಪನಿಗೆ ಕರೆ. ಅದರಲ್ಲಿ ಸಾಕುಮೀನಿನ ಅಂಗಡಿಯಿಂದ ತಂದ ಎರಡು ವಿಚಿತ್ರ ಜೀವಗಳು: ಗೇಣುದ್ದ, ಬೆಳ್ಳಗೆ ಗುಲಾಬಿ ಮೈ, ನಾಲ್ಕು ಪುಟ್ಟ ಕಾಲು, ತಲೆಯ ಎರಡೂ ಬದಿಗೆ ಮೂರು ಮೂರು ಕೆಂಪು ಗರಿ, ಯಾರಿಗೋ ನಗುತ್ತಿರುವಂತೆ ಅಗಲ ಬಾಯಿ. ಆಕ್ಸೊಲಾಟ್ಲ್ ಎಂದಿದ್ದನಂತೆ ಅಂಗಡಿಯವನು. ಸಿಹಿನೀರಿನ ಸಾಲಮಾಂಡರ್ ಜಾತಿ, ಮೆಕ್ಸಿಕೋ ದೇಶದ ಕೆರೆಯಲ್ಲಿ ಇದ್ದದ್ದು. ಆ ಕೆರೆಗೆ ಪಟ್ಟಣದ ಕೊಳೆ ಇಳಿದು ಈಗ ಅಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಸೇಸಪ್ಪ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ತುಂಬ ಹೊತ್ತು ನೋಡಿದ. ಮೀನಲ್ಲ, ಹಲ್ಲಿಯಲ್ಲ. ಕಪ್ಪೆಯ ದಾಯಾದಿ ಎಂದು ಅವನ ಮನಸ್ಸು ಹೇಳಿತು. ಅದು ಸರಿಯೇ ಆಗಿತ್ತು.

ಮೊದಲ ವಾರ ಅವನ ಹೆಮ್ಮೆಗೆ ಪೆಟ್ಟು ಬಿತ್ತು. ತೊಟ್ಟಿಯ ನೀರನ್ನು ಬೆರಳಲ್ಲಿ ಅದ್ದಿ ನೆಕ್ಕಿ, "ಪಸಂದಾಗಿ ಉಂಟು" ಎಂದು ತೀರ್ಪು ಕೊಟ್ಟಿದ್ದ. ಹೋಟೆಲಿನ ಮ್ಯಾನೇಜರು ರೊನಾಲ್ಡ್, ಬಂಟ್ವಾಳದ ಕಡೆಯ ಕ್ರೈಸ್ತ, ಸೇಸಪ್ಪನ ಬಾಯಲ್ಲಿ 'ಪೊರ್ಬು', ಅಂಗಡಿಯವನು ಕೊಟ್ಟ ನೀರು ಪರೀಕ್ಷಿಸುವ ಬಣ್ಣದ ಕಾಗದದ ಪಟ್ಟಿಯನ್ನು ನೀರಿಗೆ ಹಿಡಿದ. ಅದು ಹಸುರಾಗಬಾರದಿತ್ತು, ಹಸುರಾಯಿತು.

"ಸೇಸಪ್ಪಣ್ಣ, ನಿಮ್ಮ ನಾಲಿಗೆ ಫೇಲ್" ಎಂದ ರೊನಾಲ್ಡ್.

"ನನ್ನ ನಾಲಿಗೆ ಮೂರು ತಲೆಮಾರಿನದ್ದು ಪೊರ್ಬುಗಳೆ. ನಿಮ್ಮ ಕಾಗದ ಚೀನಾದ್ದು."

"ಚೀನಾದ್ದೇ ಇರ್ಲಿ. ಅದಕ್ಕೆ ಅಹಂಕಾರ ಇಲ್ಲ ನೋಡಿ."

ಎರಡು ದಿನ ಮುಖ ದಪ್ಪ ಮಾಡಿಕೊಂಡಿದ್ದ ಸೇಸಪ್ಪ ಮೂರನೆಯ ದಿನ ತಾನೇ ಆ ಪಟ್ಟಿ ಕೇಳಿ ತೆಗೆದುಕೊಂಡ. ಆಮೇಲೆ ಅವನು ಕಲಿತದ್ದನ್ನು ಯಾವ ಶಾಲೆಯೂ ಕಲಿಸುತ್ತಿರಲಿಲ್ಲ. ಈ ಜೀವಕ್ಕೆ ಚರ್ಮವೂ ಒಂದು ಮೂಗು. ನೀರಿನಲ್ಲಿ ಏನಿದೆಯೋ ಅದೆಲ್ಲ ಸೀದಾ ಮೈಗೆ. ನಲ್ಲಿಯ ನೀರಿನ ಕ್ಲೋರಿನ್ ಅದರ ಉಸಿರಿನ ಗರಿಯನ್ನು ಸುಡುತ್ತದೆ, ಅದರದೇ ಹೇಲುಚ್ಚೆ ಹೆಚ್ಚಾದರೂ ವಿಷ, ನೀರು ಸ್ವಲ್ಪ ಬಿಸಿಯಾದರೂ ಸಂಕಟ. ಆಗಸ್ಟ್ ತಿಂಗಳಲ್ಲಿ ನಲ್ಲಿ ತಿರುಗಿಸಿದರೆ ಚಹಾ ಮಾಡುವಷ್ಟು ಬಿಸಿನೀರು ಬರುವ ಊರಿನಲ್ಲಿ ಅದನ್ನು ಬದುಕಿಸುವುದೆಂದರೆ ಆಟವಲ್ಲ. ತೊಟ್ಟಿಗೆ ತಂಪಿನ ಮೆಷಿನು ಹಾಕಿಸಿದ. ಉಗ್ರಾಣದಲ್ಲಿ ಎರಡು ಡ್ರಮ್ಮಿನಲ್ಲಿ ನೀರು ಹಿಡಿದಿಟ್ಟು, ಮದ್ದು ಹನಿಸಿ, ದಿನಗಟ್ಟಲೆ ಕೂರಿಸಿ, ಪಟ್ಟಿ ಅದ್ದಿ ನೋಡಿ, ಆಮೇಲೆ ಹೊಯ್ಯುವ ಕ್ರಮ ಮಾಡಿದ. ಅದಕ್ಕೆ 'ನೀರು ಹಣ್ಣು ಮಾಡುವುದು' ಎಂದು ಹೆಸರಿಟ್ಟ. ಜುಫೈರಿನಲ್ಲಿ ಎಷ್ಟು ಟ್ಯಾಂಕಿ ತೊಳೆದು ಬಂದರೂ ಅದ್ಲಿಯಾಕ್ಕೆ ಬಂದು ಆ ಎರಡು ಮುಖ ನೋಡದೆ ಮನೆಗೆ ಹೋಗುತ್ತಿರಲಿಲ್ಲ. ಮೈಗೆ ಬ್ಲೀಚಿಂಗ್ ವಾಸನೆ ಇರುವಾಗ ಮಾತ್ರ ತೊಟ್ಟಿಯಿಂದ ಮಾರು ದೂರ ನಿಂತು ನೋಡುತ್ತಿದ್ದ.

ಎಲ್ಲ ಸರಿಯಿದ್ದಾಗ ಬಾಲಸುಬ್ರಹ್ಮಣ್ಯರಿಗೆ ಕನ್ನಡಾಭಿಮಾನ ಉಕ್ಕಿತು. ನಾಗರಪಂಚಮಿ ಆ ವರ್ಷ ಶುಕ್ರವಾರ ಬಿದ್ದಿತ್ತು, ರಜೆಯ ದಿನ. ಅಂದೇ ಹೋಟೆಲಿನಲ್ಲಿ 'ಜಲಮಾಲಿನ್ಯ ಮತ್ತು ಸಿಹಿನೀರಿನ ಜೀವಿಗಳು' ಎಂಬ ಕಾರ್ಯಕ್ರಮ. ಆಕ್ಸೊಲಾಟ್ಲ್ ಎಂದು ಕನ್ನಡದಲ್ಲಿ ಬೋರ್ಡು ಬರೆಸಿದರೆ ಯಾರಿಗೆ ತಿಳಿಯುತ್ತದೆ? ಮೊಬೈಲಿನಲ್ಲಿ ತಡಕಿದರು, ಪದ ಸಿಗಲಿಲ್ಲ. ತೊಟ್ಟಿಯ ಮುಂದೆ ನಿಂತು ಗಲ್ಲ ತುರಿಸಿಕೊಂಡರು. ಕಾಲಿದೆ, ಬಾಲವಿದೆ, ಮೈ ಮಿರಮಿರ ಮಿಂಚುತ್ತದೆ. ಹೊಳೆಯಿತು. ಮೂರು ದಿನದಲ್ಲಿ ಚಿನ್ನದ ಬಣ್ಣದ ಬೋರ್ಡು ಬಂತು: 'ಹಾವುರಾಣಿ'.

"ಸರ್, ಹಾವುರಾಣಿ ನೆಲದ್ದು. ನಮ್ಮಲ್ಲಿ ಅರಣೆ ಹೇಳ್ತಾರೆ. ಕಲ್ಲಿನ ಸಂದಿಯಲ್ಲಿ ಓಡಾಡ್ತದಲ್ಲ, ಅದು. ಇದು ನೀರು ಬಿಟ್ಟು ಬರುದಿಲ್ಲ" ಎಂದ ಸೇಸಪ್ಪ.

"ನೋಡಿ ಸೇಸಪ್ಪ, ಕಾನ್ಸೆಪ್ಟ್ ಮುಖ್ಯ. ಜನಕ್ಕೆ ಕನೆಕ್ಟ್ ಆಗ್ಬೇಕು. ಅಲ್ದೆ ಬೋರ್ಡ್ ಪ್ರಿಂಟ್ ಆಗೋಗಿದೆ."

ಜನಕ್ಕೆ ಕನೆಕ್ಟ್ ಆಯಿತು. ಎಲ್ಲರಿಗಿಂತ ಮೊದಲು ಆದದ್ದು ಬಾಲಸುಬ್ರಹ್ಮಣ್ಯರ ತಾಯಿ ಚಂದ್ರಮ್ಮನಿಗೆ. ವಿಸಿಟ್ ವೀಸಾದಲ್ಲಿ ಮಗನ ಮನೆಗೆ ಬಂದಿದ್ದ ಅವರು ಪಂಚಮಿ ಹತ್ತಿರ ಬಂದಂತೆ ಚಡಪಡಿಸುತ್ತಿದ್ದರು. ಮಗನ ಜಾತಕದಲ್ಲಿ ಸರ್ಪದೋಷ, ಹೆಸರೇ ಸುಬ್ರಹ್ಮಣ್ಯನದು, ತನಿ ಎರೆಯದೆ ಬಿಟ್ಟರೆ ಹೇಗೆ? ಅದ್ಲಿಯಾದಲ್ಲಿ ಕಾಫಿ ಅಂಗಡಿ ಉಂಟು, ಕಾರು ನಿಲ್ಲಿಸಲು ಜಾಗಕ್ಕಾಗಿ ಜಗಳ ಉಂಟು, ಹುತ್ತ ಮಾತ್ರ ಇಲ್ಲ. ಆಗ ಈ ಬೋರ್ಡು. ಹಾವುಗಳ ರಾಣಿ. ತಲೆಯ ಸುತ್ತ ಲೆಕ್ಕ ಹಾಕಿದರೆ ಆರು ಹೆಡೆ. ಷಣ್ಮುಖನ ಲೆಕ್ಕವೂ ಆರೇ. ಚಂದ್ರಮ್ಮನಿಗೆ ಮೈ ಝುಮ್ಮೆಂದಿತು. ಮರುದಿನದಿಂದ ತೊಟ್ಟಿಯ ಮುಂದೆ ಕೈಮುಗಿದು ನಿಲ್ಲತೊಡಗಿದರು.

ಪಂಚಮಿಗೆ ನಾಲ್ಕು ದಿನ ಮೊದಲು ಅವರು ಸೇಸಪ್ಪನನ್ನು ಕೇಳಿದರು. ಅವನು ಆಗ ತೋಳಿನ ತನಕ ತೊಟ್ಟಿಯೊಳಗೆ ಕೈಯಿಟ್ಟು ಅಡಿಯ ಕಸ ಎಳೆಯುತ್ತಿದ್ದ.

"ಏನಪ್ಪಾ ಸೇಸಪ್ಪ, ಇದಕ್ಕೆ ಹಾಲು ಕೊಡಬಹುದಾ?"

ಮೂವತ್ತು ವರ್ಷ ನೀರಿನಲ್ಲಿ ಬಾಳಿದವನಿಗೆ ಇಂಥ ಪ್ರಶ್ನೆ. ಅವನ ನಾಲಿಗೆ ಸುಮ್ಮನಿರಲಿಲ್ಲ.

"ಕೊಡಿ ಅಮ್ಮ, ಧಾರಾಳ ಕೊಡಿ. ಬರೀ ಹಾಲು ಎಂತಕ್ಕೆ? ಒಂದು ಚಮಚ ತುಪ್ಪವೂ ಹಾಕಿ. ಪಾಪ, ಬಡಕಲಾಗಿ ಉಂಟಲ್ಲ, ಸ್ವಲ್ಪ ಪುಷ್ಟಿಯಾಗ್ಲಿ."

ಕೌಂಟರಿನಲ್ಲಿದ್ದ ರೊನಾಲ್ಡ್ ಮುಖ ತಿರುಗಿಸಿ ನಕ್ಕ. ಕರಾವಳಿಯಲ್ಲಿ 'ಧಾರಾಳ ಕೊಡಿ' ಎಂದರೆ ಕೊಟ್ಟವನ ಕೈ ಮುರಿಯುತ್ತೇನೆ ಎಂದು ಅರ್ಥ. ಅಲ್ಲಿ ಅದು ಮಗುವಿಗೂ ಗೊತ್ತು. ಮಂಡ್ಯದ ಕಡೆ ಹುಟ್ಟಿ ಬೆಂಗಳೂರಿನಲ್ಲಿ ಬಾಳಿದ ಚಂದ್ರಮ್ಮ "ಒಳ್ಳೇದಪ್ಪ" ಎಂದು ಮನೆಗೆ ಹೋದರು.

ಶುಕ್ರವಾರ ಸೇಸಪ್ಪನಿಗೆ ಜುಫೈರಿನಲ್ಲಿ ತುರ್ತು ಕೆಲಸ ಬಿತ್ತು. ಮುಗಿಸಿ, ಸ್ನಾನ ಮಾಡಿ, ಟ್ಯಾಕ್ಸಿಯಲ್ಲಿ ಅದ್ಲಿಯಾಕ್ಕೆ ಬರುವಾಗ ಹನ್ನೊಂದು ಗಂಟೆ. ಹೋಟೆಲಿನ ತುಂಬ ಜನ. ಮೈಕಿನ ಮುಂದೆ ಬಾಲಸುಬ್ರಹ್ಮಣ್ಯ ಗದ್ಗದಿತರಾಗಿದ್ದರು.

"ಸಿಹಿನೀರಿನ ಈ ಮೂಕಜೀವಿಗಳು ಚರ್ಮದಿಂದಲೇ ಉಸಿರಾಡುತ್ತವೆ, ಬಂಧುಗಳೇ. ನೀರಿಗೆ ನಾವು ಏನು ಸುರಿಯುತ್ತೇವೋ ಅದು ನೇರ ಅವುಗಳ ರಕ್ತಕ್ಕೆ. ಕಾರ್ಖಾನೆಗಳ ಲೋಭ, ದೊಡ್ಡ ಕಂಪನಿಗಳ ನಿರ್ಲಕ್ಷ್ಯ..."

ಚಪ್ಪಾಳೆ ಬಿತ್ತು. ಅವರ ಬೆನ್ನ ಹಿಂದೆ, ತೊಟ್ಟಿಯ ಬಳಿ ಹೆಂಗಸರ ಸಾಲು ನಿಂತಿತ್ತು. ರೇಷ್ಮೆ ಸೀರೆ, ಬೆಳ್ಳಿ ಲೋಟ, ಬಾಳೆಲೆಯ ತುಂಡು. ಗಾಜಿನ ಮುಚ್ಚಳ ತೆಗೆದಿತ್ತು. ಚಂದ್ರಮ್ಮ ಮುಂದೆ ನಿಂತು ಒಬ್ಬೊಬ್ಬರಿಂದ ಎರೆಸುತ್ತಿದ್ದರು: ಹಾಲು, ಅರಿಶಿನ, ಕುಂಕುಮ, ನಾಲ್ಕು ಹೂವಿನ ಎಸಳು, ಕೊನೆಗೆ ನೈವೇದ್ಯದ ಚಿಗಳಿ ಉಂಡೆ ಒಂದು. ತೊಟ್ಟಿಯ ನೀರು ಮದುವೆ ಮನೆಯ ಮಜ್ಜಿಗೆಹುಳಿಯ ಬಣ್ಣಕ್ಕೆ ತಿರುಗಿತ್ತು. ಮೇಲೆ ತುಪ್ಪದ ಕಣ್ಣುಗಳು ತೇಲುತ್ತಿದ್ದವು. ಅದರ ನಡುವಿನಿಂದ ಒಂದು ಗುಲಾಬಿ ಮೂತಿ ಮೇಲೆ ಬಂದು ಗಾಳಿ ನುಂಗಿ ಕೆಳಗೆ ಬಿತ್ತು. ಮತ್ತೆ ಬಂತು.

"ನೋಡ್ರೇ, ಹಾಲು ಕುಡೀತಿದೆ" ಎಂದರು ಯಾರೋ, ಭಕ್ತಿಯಿಂದ.

ಸೇಸಪ್ಪ ಉಗ್ರಾಣಕ್ಕೆ ಓಡಿ, ಹಣ್ಣಾದ ನೀರನ್ನು ಎರಡು ಟಬ್ಬಿಗೆ ಸುರಿದು, ಐಸು ತುಂಬಿದ ಬಾಟಲಿ ಅದರಲ್ಲಿ ಮುಳುಗಿಸಿ ತಂದ. ಸಾಲು ಸೀಳಿಕೊಂಡು ಬಂದು ತೊಟ್ಟಿಗೆ ಎರಡೂ ಕೈ ಹಾಕಿದ. ಒಂದು ಕೈಗೆ ಸಿಕ್ಕಿತು. ಇನ್ನೊಂದನ್ನು ಹುಡುಕಬೇಕಾಯಿತು, ಅದು ಚಿಗಳಿ ಉಂಡೆಯ ಪಕ್ಕ ಅಡಿಯಲ್ಲಿ ಒರಗಿತ್ತು. ಎರಡನ್ನೂ ಟಬ್ಬಿಗೆ ಬಿಟ್ಟ ಮೇಲೆಯೇ ಅವನು ಬಾಯಿ ಬಿಟ್ಟದ್ದು. ಮೈಕು ಹತ್ತಿರವೇ ಇದ್ದ ಕಾರಣ ಎಲ್ಲರಿಗೂ ಕೇಳಿಸಿತು.

"ಇಲ್ಲಿಗೆ ಯಾವ ಕಾರ್ಖಾನೆಯವರು ಬಂದಿದ್ರು ಸರ್?"

ಬಾಲಸುಬ್ರಹ್ಮಣ್ಯ ತಿರುಗಿ ತೊಟ್ಟಿ ನೋಡಿದರು. ಭಾಷಣದ ಕಾಗದ ಕೈಯಲ್ಲೇ ಇತ್ತು.

"ಅಮ್ಮಾ, ಏನಿದು? ಹೂವಿಟ್ಟು ಕೈಮುಗೀತೀನಿ ಅಷ್ಟೇ ಅಂದಿದ್ರಿ."

"ಪಂಚಮಿ ದಿನ ತನಿ ಎರೀದೆ ಬರೀ ಕೈ ಮುಗಿಯೋಕಾಗುತ್ತೇನೋ?"

"ಹಾಲಾಯ್ತು, ತುಪ್ಪ ಆಯ್ತು" ಎಂದ ಸೇಸಪ್ಪ. "ಚಿಗಳಿಯಲ್ಲಿ ಎಳ್ಳು ಉಂಟಲ್ಲ ಅಮ್ಮ? ಕೆಳಗೆ ನೀರೂ ಉಂಟು. ಎಳ್ಳುನೀರು ನೀವೇ ಬಿಟ್ಟಾಯ್ತು, ನಮಗೆ ಕೆಲಸ ಉಳಿಸ್ಲಿಲ್ಲ. ಯಾರು ಹೇಳಿದ್ದು ನಿಮಗೆ, ಇದಕ್ಕೆ ಹಾಲು ತುಪ್ಪ ಹಾಕ್ಲಿಕ್ಕೆ? ಯಾವ ದೊಡ್ಡ ಬುದ್ಧಿವಂತ ಹೇಳಿದ್ದು?"

ಚಂದ್ರಮ್ಮ ಅವನನ್ನೇ ನೋಡಿದರು. ಅವರ ಮುಖದಲ್ಲಿ ಕೋಪವಿರಲಿಲ್ಲ, ಗೊಂದಲವಿತ್ತು.

"ನೀನೇ ಅಲ್ವೇನಪ್ಪಾ ಹೇಳಿದ್ದು? ಧಾರಾಳ ಕೊಡಿ, ಒಂದು ಚಮಚ ತುಪ್ಪ ಹಾಕಿ, ಪುಷ್ಟಿಯಾಗ್ಲಿ ಅಂದೆ. ನಾನು ಚಮಚ ಅಳೆದೇ ಹಾಕಿದ್ದು. ಒಂದು ತೊಟ್ಟು ಹೆಚ್ಚು ಹಾಕಿಲ್ಲ ಕಣಪ್ಪ."

ಸೇಸಪ್ಪ ಸಾಕ್ಷಿಗಾಗಿ, ಅಡುಗೆಮನೆಯಿಂದ ಆಗಷ್ಟೇ ಹೊರಬಂದಿದ್ದ ರೊನಾಲ್ಡನ ಕಡೆ ನೋಡಿದ.

"ನಾನೂ ಕೇಳಿದ್ದೆ ಸೇಸಪ್ಪಣ್ಣ" ಎಂದ ರೊನಾಲ್ಡ್ ಮೆಲ್ಲನೆ. "ನನಗೆ ಅರ್ಥ ಆಗಿತ್ತು. ಅವರಿಗೆ ಆಗ್ಲಿಲ್ಲ."

ಸೇಸಪ್ಪ ಟಬ್ಬುಗಳನ್ನು ಎತ್ತಿಕೊಂಡು ಉಗ್ರಾಣಕ್ಕೆ ನಡೆದ. ಹಿಂದೆ ಊಟದ ಎಲೆ ಹಾಕುವ ಸದ್ದು ಕೇಳಿಸಿತು. ಮಾಲಿನ್ಯದ ಬಗ್ಗೆ ತುಂಬ ಹೊತ್ತು ಕೇಳಿದ ಜನಕ್ಕೆ ಹಸಿವಾಗಿತ್ತು.

ಒರಗಿದ್ದದ್ದು ಮಧ್ಯಾಹ್ನಕ್ಕೆ ಸತ್ತಿತು. ಅದರ ಗರಿಗಳಲ್ಲಿ ಅರಿಶಿನ ಹಿಡಿದು, ಪುಟ್ಟ ಮದುಮಗಳ ಹಾಗೆ ಕಾಣುತ್ತಿತ್ತು. ಇನ್ನೊಂದನ್ನು ಸೇಸಪ್ಪ ರೊನಾಲ್ಡನ ಕಾರಿನಲ್ಲಿ, ಎಸಿಯನ್ನು ಮೀನಂಗಡಿಯ ತಂಪಿಗೆ ತಿರುಗಿಸಿ, ಬುಸೈತೀನಿನ ತನ್ನ ಕೋಣೆಗೆ ಒಯ್ದ. ದಾರಿಯುದ್ದಕ್ಕೂ ಟಬ್ಬು ಅವನ ತೊಡೆಯ ಮೇಲಿತ್ತು. ರೊನಾಲ್ಡ್ ಮಾತಿಗೆಳೆಯಲು ನೋಡಿದ. "ಎಂತ ಸೇಸಪ್ಪಣ್ಣ, ಮೌನವ್ರತವಾ?" ಸೇಸಪ್ಪ ಐಸಿನ ಬಾಟಲಿಯನ್ನು ಟಬ್ಬಿನಲ್ಲಿ ಮಗ್ಗುಲು ತಿರುಗಿಸಿದ.

ಆಮೇಲಿನ ದಿನಗಳಲ್ಲಿ ಬಾಲಸುಬ್ರಹ್ಮಣ್ಯರು ಬಳಗದ ವಾಟ್ಸಾಪ್ ಗುಂಪಿನಲ್ಲಿ ಸತ್ತ ಜೀವಿಗೆ ಶ್ರದ್ಧಾಂಜಲಿ ಹಾಕಿದರು. ಕಾರಣ 'ಜಲಮಾಲಿನ್ಯ' ಎಂದು ಬರೆದರು, ಸುಳ್ಳೇನಲ್ಲ. ಮುನ್ನೂರು ಜನ ಕೈಮುಗಿದ ಚಿತ್ರ ಹಾಕಿದರು. ಅವರಲ್ಲಿ ಇಪ್ಪತ್ತು ಮೂವತ್ತು ಮಂದಿ ಹಾಲೆರೆದವರು. ಇತ್ತ ಸೇಸಪ್ಪ ಬೆಳಿಗ್ಗೆ ಸಂಜೆ ನೀರು ಬದಲಾಯಿಸಿದ. ಉಳಿದ ಜೀವ ಎಂಟು ದಿನ ಏನೂ ಮುಟ್ಟಲಿಲ್ಲ. ಗರಿಗಳ ಕುಚ್ಚು ಉದುರಿ ಕಡ್ಡಿ ಮಾತ್ರ ಉಳಿದಿತ್ತು. ಕೋಣೆಯ ಎಸಿ ನಿಲ್ಲಿಸದ ಕಾರಣ ಸೇಸಪ್ಪನಿಗೇ ನೆಗಡಿ ಹಿಡಿದು, ನಲವತ್ತೆರಡು ಡಿಗ್ರಿ ಸೆಕೆಯ ಊರಿನಲ್ಲಿ ಮಫ್ಲರ್ ಕಟ್ಟಿಕೊಂಡು ಓಡಾಡಿದ. ಒಂಬತ್ತನೆಯ ದಿನ, ಇನ್ನೊಂದು ಶುಕ್ರವಾರ ಕಳೆದು ಶನಿವಾರ ಬೆಳಿಗ್ಗೆ, ಅವನು ಚಿಮಟಿಗೆಯಲ್ಲಿ ಹಿಡಿದ ಎರೆಹುಳವನ್ನು ಅದು ಗಬಕ್ಕನೆ ನುಂಗಿತು. ಕಡ್ಡಿಗಳ ತುದಿಯಲ್ಲಿ ಹೊಸ ಕೆಂಪು ಕಾಣಿಸಿತ್ತು, ಕಂಡೂ ಕಾಣದಷ್ಟು.

ಅವನು ಇನ್ನೂ ಅದನ್ನು ನೋಡುತ್ತ ಕೂತಿದ್ದಾಗಲೇ ಬಾಗಿಲು ತಟ್ಟಿದ ಸದ್ದಾಯಿತು. ಬಾಲಸುಬ್ರಹ್ಮಣ್ಯ, ಹಿಂದೆ ಏದುಸಿರು ಬಿಡುತ್ತ ಚಂದ್ರಮ್ಮ. ಲಿಫ್ಟು ಕೆಟ್ಟಿತ್ತು, ಮೂರು ಮಾಳಿಗೆ ಹತ್ತಿ ಬಂದಿದ್ದರು.

"ಸೇಸಪ್ಪ, ನೀವೊಬ್ರೇ ಸಫರ್ ಆಗೋದು ಬೇಡ" ಎಂದರು ಬಾಲಸುಬ್ರಹ್ಮಣ್ಯ, ಬೂಟು ಬಿಚ್ಚುತ್ತ. "ಜರ್ಮನಿಯ ಫಿಲ್ಟರ್ ತರಿಸ್ತೀನಿ. ಹೋಟೆಲ್‌ನಿಂದ ಇಬ್ರನ್ನ ಕಳಿಸ್ತೀನಿ, ಶಿಫ್ಟ್ ಹಾಕ್ಕೊಂಡು ನೀರು ಹಾಕ್ತಾರೆ. ಬೋರ್ಡ್ ಕೂಡ ತೆಗೆಸಿದೀನಿ. ಹೊಸ ಬೋರ್ಡಿಗೆ ಹೆಸ್ರು ನೀವೇ ಹೇಳಿ."

"ಇನ್ನೊಂದು ವಿಷಯ ಕಣಪ್ಪ" ಎಂದರು ಚಂದ್ರಮ್ಮ. "ಸತ್ತಿದ್ದಕ್ಕೆ ಕುಕ್ಕೇಲಿ ಸರ್ಪಸಂಸ್ಕಾರ ಮಾಡಿಸ್ಬೇಕು ಅಂತಿದೀನಿ. ನೀನೂ ಬಾ. ಪಾಪ ಇಬ್ಬರಿಗೂ ಸೇರಿದ್ದು. ನಿನ್ನ ಟಿಕೆಟ್ಟೂ ನಮ್ದೇ."

ಸೇಸಪ್ಪನ ತುಟಿಯ ತನಕ ಏನೋ ಬಂತು. ಕುಕ್ಕೆ, ಸರ್ಪ, ಕಪ್ಪೆಯ ದಾಯಾದಿ; ಒಂದು ವಾರ ನಗುವಷ್ಟು ಸರಕು ಅದರಲ್ಲಿತ್ತು. ಅವನು ಮಫ್ಲರನ್ನು ಸರಿಮಾಡಿಕೊಂಡು ಅದನ್ನು ನುಂಗಿದ. ಅಷ್ಟರಲ್ಲಿ ಚಂದ್ರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೂಲೆಯಲ್ಲಿದ್ದ ಹಣ್ಣಾದ ನೀರಿನ ಬಕೆಟ್ಟಿಗೆ ಕೈ ಹಾಕಿದರು. ಬೆರಳಲ್ಲಿ ಬೆಳಗಿನ ಪೂಜೆಯ ಕುಂಕುಮ ಇನ್ನೂ ಇತ್ತು.

"ಬೇಡ ಅಮ್ಮ. ಬಕೆಟ್ ಅಲ್ಲೇ ಇಡಿ" ಎಂದ ಸೇಸಪ್ಪ. "ಇದು ಕುಶಾಲಿಗೆ ಹೇಳುದಲ್ಲ, ನೋಡಿ, ನಗುದಿಲ್ಲ ನಾನು. ಬೇಡ ಹೇಳಿದ್ರೆ ಬೇಡವೇ. ಜರ್ಮನಿದು ಬೇಡ ಸರ್, ಜನವೂ ಬೇಡ, ಕುಕ್ಕೆಗೆ ನೀವು ಹೋಗಿ ಬನ್ನಿ. ನೀವು ಕುರ್ಚಿಯಲ್ಲಿ ಕೂತ್ಕೊಳ್ಳಿ ಅಮ್ಮ, ಕೈ ಮಡಿಲಲ್ಲೇ ಇರ್ಲಿ, ನೋಡ್ಲಿಕ್ಕೆ ಅಡ್ಡಿ ಇಲ್ಲ. ನನ್ನ ನಾಲಿಗೆ ಕದಡಿದ ನೀರು, ನಾನೇ ಬದಲಾಯಿಸ್ತೇನೆ."